ಎರಡನೇ ಫೋನು

ಗೋಣಿಚೀಲ ಇನ್ನೂ ಹಸಿಯಾಗಿತ್ತು.

ಇನ್ಸ್‌ಪೆಕ್ಟರ್ ಉಮಾದೇವಿ ಅದರ ಮೇಲೆ ಅಂಗೈ ಊರಿ ನಿಂತಳು. ಏಪ್ರಿಲ್ ಬಿಸಿಲಿಗೆ ಕ್ವಾರಿಯ ಬಂಡೆಗಳು ರೊಟ್ಟಿ ಹಂಚಿನ ಹಾಗೆ ಕಾದಿದ್ದವು. ಆದರೆ ಚೀಲದ ಕೆಳಗಿನ ಟ್ಯಾಂಕರಿನ ಉಕ್ಕು ಮಣ್ಣಿನ ಹರವಿಯ ನೀರಿನಷ್ಟು ತಣ್ಣಗಿತ್ತು.

“ವಹೀದ್ ಸಾಬ್, ಯಾರೋ ಈಗ ನೀರು ಹೊಯ್ದು ಹೋಗ್ಯಾರ.”

ಹೆಡ್ ಕಾನ್‌ಸ್ಟೇಬಲ್ ಅಬ್ದುಲ್ ವಹೀದ್ ಜಾಲಿ ಟೊಂಗೆಗಳನ್ನು ಎಳೆದು ಬದಿಗೆ ಹಾಕುತ್ತಿದ್ದ. ಒಂದೊಂದು ಟೊಂಗೆ ಸರಿದಂತೆ ಗಾಡಿಯ ಬೆನ್ನು, ಕೆಂಪು ಅಕ್ಷರಗಳು, ನಂಬರು ಎಲ್ಲ ಹೊರಬಿದ್ದವು. ಅನುಮಾನವಿರಲಿಲ್ಲ. ಮಂಗಳೂರಿನ ಕಡಲ ತೀರದಲ್ಲಿ ಗ್ಯಾಸ್ ತುಂಬಿಕೊಂಡು ರಾಯಚೂರಿಗೆ ಹೊರಟು, ಮೂರು ದಿನದ ಹಿಂದೆ ದಾರಿಯಲ್ಲಿ ಕಾಣೆಯಾಗಿದ್ದ ಟ್ಯಾಂಕರು ಇದೇ. ಡ್ರೈವರ್ ಹನುಮಂತರಾಯನೇ ಕದ್ದನೆಂದು ಗಾಡಿ ಮಾಲೀಕ ಗಡಿಗೆಪ್ಪ ದೂರು ಕೊಟ್ಟಿದ್ದು ಇದರ ಬಗ್ಗೆಯೇ.

ಬೆಳಿಗ್ಗೆ ಕುರಿ ಹೊಡೆದುಕೊಂಡು ಬಂದಿದ್ದ ಬೀರೇಶ ಫೋನ್ ಮಾಡಿರದಿದ್ದರೆ ಇನ್ನೂ ಹುಡುಕುತ್ತಲೇ ಇರಬೇಕಿತ್ತು. “ದೊಡ್ಡ ಗಾಡಿ ಗಾಲಿ ಗುರುತು ಒಳಗ ಹೋಗ್ಯಾವ್ರಿ, ಹೊರಗ ಬಂದಿಲ್ಲ,” ಎಂದಿದ್ದ. ದೇವದುರ್ಗ ಬಿಟ್ಟು ಮಾನ್ವಿ ಕಡೆ ಬರುವಾಗ ಸಿಗುವ ಹಾಳುಬಿದ್ದ ಕಲ್ಲಿನ ಕ್ವಾರಿ ಅದು. ಕಲ್ಲು ತೆಗೆದ ತಗ್ಗಿನಲ್ಲಿ ಹಸಿರು ನೀರು ನಿಂತಿತ್ತು. ಅದರ ದಂಡೆಯ ಮೇಲೊಂದು ಪ್ಲಾಸ್ಟಿಕ್ ಕೊಡ.

ಉಮಾದೇವಿ ಗಾಡಿಯ ಸುತ್ತ ನಿಧಾನವಾಗಿ ನಡೆದಳು.

ನಾಲ್ಕೂ ಕಡೆ ಗಾಲಿಗೆ ಕಲ್ಲು ಕೊಟ್ಟಿದ್ದರು. ಬ್ಯಾಟರಿಯ ವೈರು ಬಿಚ್ಚಿ, ತುದಿಗೆ ಬಟ್ಟೆ ಸುತ್ತಿದ್ದರು. ಹತ್ತಿರ ಯಾರೂ ಬೀಡಿ ಹಚ್ಚದಿರಲೆಂದು ಬಂಡೆಯ ಮೇಲೆ ಸುಣ್ಣದ ಕಲ್ಲಿನಿಂದ ದೊಡ್ಡದಾಗಿ ಬರೆದಿತ್ತು: ಬೆಂಕಿ ಬ್ಯಾಡ.

“ಕದ್ದ ಮಾಲನ್ನ ಇಷ್ಟು ಜ್ವಾಕಿ ಮಾಡ್ತಾರೇನ್ರಿ ಮೇಡಂ?” ಎಂದ ವಹೀದ್. “ನಮ್ಮನ್ಯಾಗ ನನ್ನನ್ನೂ ಹಿಂಗ ಜ್ವಾಕಿ ಮಾಡಂಗಿಲ್ಲ.”

ಅವಳು ನಗಲಿಲ್ಲ. ಹಿಂಭಾಗದ ಪೆಟ್ಟಿಗೆಯ ಬಾಗಿಲು ನೋಡುತ್ತಿದ್ದಳು. ಅದರೊಳಗೆ ಗ್ಯಾಸ್ ಇಳಿಸಿಕೊಳ್ಳುವ ವಾಲ್ವು. ಬಾಗಿಲಿಗೆ ಕಡಲ ತೀರದಲ್ಲಿ ಒತ್ತಿದ ಸೀಲು ಹಾಗೇ ಇತ್ತು. ಒಂದು ಗೀರೂ ಇಲ್ಲ.

ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಮಾತ್ರ ಒಣಗಿದ ರಕ್ತದ ಹನಿ. ಒಳಗೆ, ಡ್ರೈವರ್ ಮಲಗುವ ಹಲಗೆಯಲ್ಲಿ ಒಂದು ಪಟ್ಟಿ ಕಿತ್ತುಹೋಗಿತ್ತು.

ಇದನ್ನು ಅವಳು ವಹೀದ್‌ಗೂ ಹೇಳಲಿಲ್ಲ. ಕ್ಯಾಬಿನ್ ಬಾಗಿಲು ಮುಚ್ಚಿ ಕೆಳಗಿಳಿದಳು.

ರಾಯಚೂರಿನಲ್ಲಿ ಆ ವಾರ ಸಿಲಿಂಡರ್ ಸಿಗುವುದೇ ಕಷ್ಟವಾಗಿತ್ತು. ಕೊಲ್ಲಿ ದೇಶಗಳ ಕಡಲಲ್ಲಿ ಗಲಾಟೆ, ಹಡಗುಗಳು ತಡ. ಸ್ಟೇಷನ್ ರಸ್ತೆಯ ಮಿರ್ಚಿ ಬಂಡಿಗಳು ನಿಂತಿದ್ದವು. ಹಾಸ್ಟೆಲ್ಲುಗಳ ಹಿಂದೆ ಕಟ್ಟಿಗೆ ಒಲೆ ಹೂಡಿದ್ದರು. ಈ ಒಂದು ಟ್ಯಾಂಕರಿನಿಂದ ಸಾವಿರಕ್ಕೂ ಮೇಲೆ ಸಿಲಿಂಡರು ತುಂಬುತ್ತವೆ. ಇಂಥ ಹೊತ್ತಿನಲ್ಲಿ ಅದನ್ನು ಕದ್ದವನು ಮಾರಿಕೊಳ್ಳದೆ ನೀರು ಹಾಕಿ ತಂಪಾಗಿಟ್ಟಿದ್ದ.

ಯಾಕೆ?

ಹಾದಿಯಲ್ಲಿ ಧೂಳು ಎದ್ದಿತು. ಬಿಳಿ ಕಾರೊಂದು ಬಂದು ದೂರದಲ್ಲೇ ನಿಂತಿತು. ಕಾರಿನವರಿಗೆ ನಿಯಮ ಗೊತ್ತಿತ್ತು, ಇಂಜಿನ್ ಹತ್ತಿರ ತರಲಿಲ್ಲ.

ಇಳಿದವಳು ನಲವತ್ತರ ಆಸುಪಾಸಿನ ಹೆಣ್ಣುಮಗಳು. ತಲೆಗೆ ಬೂದಿ ಬಣ್ಣದ ದುಪಟ್ಟಾ, ಅದರ ಮೇಲೆ ಹೆಲ್ಮೆಟ್ಟು, ಕಾಲಿಗೆ ದಪ್ಪ ಬೂಟು, ಹೆಗಲಿಗೆ ಚರ್ಮದ ಚೀಲ.

“ಅನ್ವರಿ ಬೇಗಂ. ಮಂಗಳೂರು ಟರ್ಮಿನಲ್‌ನಾಗ ಹಡಗಿನಿಂದ ಗ್ಯಾಸ್ ಇಳಿಸೋ ವಿಭಾಗ ನನ್ನದು. ರಜಾ ಮ್ಯಾಲ ಮಾನ್ವ್ಯಾಗ ನಮ್ಮ ಅಬ್ಬಾರ ಮನಿಗೆ ಬಂದಿದ್ದೆ. ಆಫೀಸಿನವ್ರು ಫೋನ್ ಮಾಡಿ, ಪೊಲೀಸ್ನೋರು ಕರೀತಾರ, ಹೋಗು ಅಂದ್ರು.”

“ಛಲೋ ಆತು ಬರ್ರಿ. ಇದರಾಗ ಗ್ಯಾಸ್ ಅದನೋ ಇಲ್ಲೋ ನೋಡಿ ಹೇಳ್ರಿ.”

“ಎಲ್ಲಾರ ಫೋನೂ ಬಂದ್ ಮಾಡ್ರಿ. ದೂರ ನಿಲ್ರಿ.”

ಅನ್ವರಿ ಚೀಲದಿಂದ ಕೈಯಗಲದ ಯಂತ್ರವೊಂದನ್ನು ತೆಗೆದು ಗಾಡಿಯ ಸುತ್ತ ಹಿಡಿದುಕೊಂಡು ನಡೆದಳು. ವಾಸನೆ ಹಿಡಿಯುವ ಯಂತ್ರ ಅದು. ಜೋಡಣೆ ಇದ್ದಲ್ಲೆಲ್ಲ ನಿಲ್ಲಿಸಿ, ಎರಡೆರಡು ಸಲ ನೋಡಿದಳು. ಆಮೇಲೆ ಏಣಿ ಹತ್ತಿದಳು. ಅಷ್ಟು ದೊಡ್ಡ ಬೂಟಿನಲ್ಲೂ ಸಪ್ಪಳವಿಲ್ಲ. ಮೇಲೆ ಕೂತು, ಟ್ಯಾಂಕಿನ ತಳದವರೆಗೆ ಇಳಿದ ಕೊಳವೆಯ ಸಣ್ಣ ಹಿತ್ತಾಳೆಯ ತಿರುಪೊಂದನ್ನು ಕೂದಲೆಳೆಯಷ್ಟು ತಿರುಗಿಸಿದಳು.

ಸ್ ಎಂದಿತು. ಬಿಳಿ ಹೊಗೆಯಂಥದ್ದು ಎಳೆಯಾಗಿ ಹೊರಬಂತು.

“ಇಲ್ಲಿ ನೋಡ್ರಿ!”

ಸುಡುವ ಬಿಸಿಲಿನಲ್ಲಿ, ರಾಯಚೂರು ಜಿಲ್ಲೆಯ ಏಪ್ರಿಲ್ಲಿನಲ್ಲಿ, ಆ ಹಿತ್ತಾಳೆಯ ಮೂತಿಯ ಮೇಲೆ ಮಂಜು ಕಟ್ಟಿತು. ಸಕ್ಕರೆ ಉದುರಿಸಿದ ಹಾಗೆ ಬೆಳ್ಳಗೆ. ಉಮಾದೇವಿ ಬಾಯಿ ತೆರೆದು ನೋಡಿದಳು. ಅಷ್ಟರಲ್ಲಿ ಅನ್ವರಿ ತಿರುಪು ಮುಚ್ಚಿದ್ದಳು.

“ನೀರಿದ್ರ ಹನಿ ಬೀಳ್ತಿತ್ತು. ಇದು ಗ್ಯಾಸ್. ಅಲ್ಲಿಂದ ಹೆಂಗ ಹೊಂಟಿತ್ತೋ ಹಂಗ ಅದ.” ಅವಳ ದನಿಯಲ್ಲಿ ಖುಷಿ ಮುಚ್ಚಿಡಲಾಗಲಿಲ್ಲ. ಇಳಿದು ಬಂದು ಕೈ ಒರೆಸಿಕೊಂಡಳು. “ಡ್ರೈವರ್ನ ಹುಡುಕಾಕ ಭಾಳ ತ್ರಾಸ ತಗೋಬ್ಯಾಡ್ರಿ ಮೇಡಂ. ಕಾಲು ಮುರದ ಮನುಷ್ಯಾ ಎಷ್ಟು ದೂರ ಹೋಗ್ತಾನ?”

ವಹೀದ್ ತಲೆಯಾಡಿಸಿದ. ಉಮಾದೇವಿಯೂ ತಲೆಯಾಡಿಸಿದಳು.

ನಂತರ ವಹೀದ್‌ಗೆ ಹಾದಿಯ ಬಾಯಲ್ಲಿ ನಿಲ್ಲಲು ಹೇಳಿ, ಅನ್ವರಿಯನ್ನು ಬಂಡೆಯ ನೆರಳಿಗೆ ಕರೆದಳು. ನೀರಿನ ಬಾಟಲಿ ಕೊಟ್ಟಳು. ಅನ್ವರಿ ಕುಡಿಯುವವರೆಗೂ ಕಾದಳು.

“ಹನುಮಂತರಾಯನ ಕಾಲು ಮುರದದ್ದು ನಿಮಗ ಯಾರು ಹೇಳಿದ್ರು?”

ಬಾಟಲಿ ಅನ್ವರಿಯ ಬಾಯಿಯ ಹತ್ತಿರವೇ ನಿಂತಿತು.

“ನಾ ಹೇಳಿಲ್ಲ,” ಎಂದಳು ಉಮಾದೇವಿ. “ವಹೀದ್ ಸಾಬ್‌ಗೆ ಗೊತ್ತಿಲ್ಲ. ಒಳಗ ಹಲಗಿ ಪಟ್ಟಿ ಕಿತ್ತದ್ದು ನೋಡಿ, ಕೈಗೋ ಕಾಲಿಗೋ ಕಟ್ಟಾಕ ಒಯ್ದಾರ ಅಂತ ನಾ ಅನ್ಕೊಂಡಿದ್ದೆ. ಕೈಯೋ ಕಾಲೋ ನನಗೂ ಗೊತ್ತಿದ್ದಿಲ್ಲ. ನಿಮಗ ಗೊತ್ತದ.”

ದೂರದಲ್ಲಿ ಬೀರೇಶನ ಕುರಿಗಳು ಒದರಿದವು.

“ಮುರದದ್ದು ಕಾಲೇ,” ಎಂದಳು ಅನ್ವರಿ ಕೊನೆಗೆ. “ಟ್ಯಾಂಕಿನ ಮ್ಯಾಲ ಜಾಲಿ ಹೊದಿಸೋ ಮುಂದ ಜಾರಿ ಬಿದ್ದ. ಗಾಡಿ ಇಲ್ಲಿ ಮುಚ್ಚಿಡು ಅಂತ ಅವಗ ಹೇಳಿದಾಕಿ ನಾನು.”

“ಅಂದ್ರ ಕದ್ದದ್ದು ನೀವು.”

“ಕಾಯ್ದದ್ದು ನಾನು.”

“ಅದನ್ನ ನ್ಯಾಯಾಧೀಶರ ಮುಂದ ಹೇಳ್ರಿ.”

“ಹೇಳ್ತೀನಿ. ಅದಕ್ಕ ಈ ಗಾಡಿ ಹಿಂಗೇ ತುಂಬಿ ಇರಬೇಕು.” ಅನ್ವರಿ ಬಾಟಲಿ ಕೆಳಗಿಟ್ಟು ಮುಂದಕ್ಕೆ ಬಾಗಿದಳು. “ಮೇಡಂ, ಈ ಗಾಡಿಗಿಂತ ಮೊದಲ ಬ್ಯಾರೆ ಎರಡು ಟ್ಯಾಂಕರು ನಮ್ಮಲ್ಲಿಂದ ರಾಯಚೂರಿಗೆ ಹೋದ್ವು. ತೂಕ ಸರಿ. ಸೀಲು ಸರಿ. ಪ್ಲಾಂಟಿನ್ಯಾಗ ಇಳಿಸಿದ್ರ ಅರ್ಧ ಗ್ಯಾಸು, ಅರ್ಧ ನೀರು. ದಾರ್‍ಯಾಗ ಯಾರೋ ಗ್ಯಾಸ್ ತಗದು, ಅಷ್ಟೇ ತೂಕದ ನೀರು ತುಂಬಿ, ನಮ್ಮಂಥದೇ ಸೀಲು ಒತ್ತಿ ಕಳಿಸ್ಯಾರ. ಆದ್ರ ಎಲ್ಲಾರೂ ಏನಂದ್ರು? ಬಂದರದಾಗೇ ನೀರು ತುಂಬ್ಯಾರ ಅಂದ್ರು. ತುಂಬಿಸಿದಾಕಿ ಯಾರು? ನಾನು.”

“ಅದಕ್ಕ?”

“ಒಂದಾದ್ರೂ ಗಾಡಿ ಅವರ ಕೈಗೆ ಸಿಗಲಾರದಂಗ ಉಳಸಬೇಕಿತ್ತು. ನಾವು ಕಳಿಸಿದ್ದು ಗ್ಯಾಸೇ ಅಂತ ಸೀಲು ಸಮೇತ ತೋರಸಬೇಕಿತ್ತು. ಲಿಂಗಸುಗೂರು ದಾಟಿದ ಮ್ಯಾಲ ಹನುಮಂತರಾಯಗ ಫೋನ್ ಹಚ್ಚಿದೆ. ದೇವದುರ್ಗದಂವ, ಈ ಹಾದಿ ಎಲ್ಲಾ ಗೊತ್ತು. ಮಾಲೀಕಗೂ ಹೇಳಬ್ಯಾಡ, ಕ್ವಾರ್‍ಯಾಗ ನಿಲ್ಲಿಸು ಅಂದೆ. ಒಂದು ಮಾತು ಕೇಳಲಿಲ್ಲ. ‘ಆತ್ರೀ ಅಕ್ಕಾರ’ ಅಂದ.”

“ನಮಗ್ಯಾಕ ಹೇಳಲಿಲ್ಲ?”

“ಯಾವ ಗಾಡಿ ಯಾವ ಹಾದಿ ಹಿಡೀತದ ಅನ್ನೋದು ಕಳ್ಳರಿಗೆ ನಮಗಿಂತ ಮೊದಲ ಗೊತ್ತಾಗಾಕತ್ತಿತ್ತು. ಯಾರ ಬಾಯಿಂದ ಸೋರ್ತದ ಗೊತ್ತಿಲ್ಲ. ಹೇಳಿದ್ರ ನಿಮಗಷ್ಟೇ ಹೇಳಿದಂಗ ಆಗ್ತಿದ್ದಿಲ್ಲ.”

ಉಮಾದೇವಿಗೆ ಸಿಟ್ಟು ಬಂದಿತ್ತು. ಆದರೆ ಎದುರಿಗೆ ಕೂತವಳು ಕಣ್ಣು ತಪ್ಪಿಸುತ್ತಿರಲಿಲ್ಲ.

“ಒಂದು ಗಾಡಿ ಗ್ಯಾಸಿಗೆ ನೌಕರಿ ಪಣಕ್ಕಿಟ್ರಿ. ಡ್ರೈವರ್‌ಗೆ ಕಳ್ಳನ ಹೆಸರು ಹಚ್ಚಿಸಿದ್ರಿ. ಅಷ್ಟು ದೊಡ್ಡದೇನ್ರೀ ಇದು?”

ಅನ್ವರಿ ತಿರುಗಿ ಟ್ಯಾಂಕರಿನ ಕಡೆ ನೋಡಿದಳು. ಮನೆಯ ಎತ್ತನ್ನು ನೋಡಿದ ಹಾಗೆ ನೋಡಿದಳು.

“ಇದು ಯಾವ ಹಡಗಿನ್ಯಾಗ ಬಂತು ಗೊತ್ತೇನ್ರೀ? ನಮಗ ಯಾವಾಗಲೂ ಕೊಲ್ಲಿಯಿಂದ ಬರ್ತದ. ಅಲ್ಲಿ ಕಡಲು ಸಣ್ಣದೊಂದು ಬಾಗಲದಂಗ ಅದ. ಆ ಬಾಗಲದಾಗ ಜಗಳ ಹತ್ತಿತು, ಹಡಗ ನಿಂತ್ವು. ನಮ್ಮ ಕಂಪನ್ಯಾಗ ಗ್ಯಾಸ್ ಕೊಳ್ಳೋ ಮಂದಿ ಕೈಕಟ್ಟಿ ಕೂಡಲಿಲ್ಲ. ಅಮೆರಿಕಾದಿಂದ ತಂದ್ರು. ಆಫ್ರಿಕಾದ ಕಾಲು ಸುತ್ತಿ ಬಂದ ಹಡಗು ಇದು. ದಂಡಿಗೆ ಹತ್ತಿದಾಗ ನೋಡಿದೆ, ತೆರಿ ಹೊಡತಕ್ಕ ಮುಂದಿನ ಕಂಬಿ ಸೊಟ್ಟ ಆಗಿದ್ವು. ಕ್ಯಾಪ್ಟನ್ ಮುಖ ಉಪ್ಪು ಹಿಡದು ಬಿರದಿತ್ತು. ಕೈ ಕುಲುಕಿ, ‘ಟೀ ಅದನೇನು’ ಅಂದ. ಅಷ್ಟೇ.”

ಅವಳು ನಕ್ಕಳು.

“ಕಚ್ಚಾ ಎಣ್ಣಿನೂ ಹಂಗೇ. ಒಬ್ಬನ ಅಂಗಡಿ ಮುಚ್ಚಿದ್ರ ನಾವು ಉಪಾಸ ಬೀಳಬಾರದಂತ ಹತ್ತಾರು ದೇಶದಾಗ ತಗೋತಾರ. ರೇಟ್ ನೋಡ್ತಾರ, ಜಗಳ ನೋಡ್ತಾರ, ಹವಾ ನೋಡ್ತಾರ. ಯೂರಿಯಾ ಮಾಡೋ ಗ್ಯಾಸನ್ನ ಮಂಜಿಗಿಂತ ತಂಪು ಮಾಡಿ, ನೀರಿನಂಗ ಮಾಡಿ ಹಡಗಿಗೆ ಹಾಕ್ತಾರ. ನಿಮ್ಮ ಹೊಲಕ್ಕ ಬಿದ್ದ ಯೂರಿಯಾದಾಗೂ ಅದು ಅದ.”

“ನಮ್ಮದು ಹೊಲ ಕಡಿಮಿ, ಕುರಿ ಹೆಚ್ಚು,” ಎಂದಳು ಉಮಾದೇವಿ.

“ಕುರಿಯವರ ಮಗಳೇನ್ರೀ? ಹಂಗಾರ ನಿಮಗ ಬಂಡಿಗಲ್ಲು ಗೊತ್ತು.” ಅನ್ವರಿ ಅಂಗೈಯಿಂದ ಹಿಂದಿನ ಬಂಡೆಯನ್ನು ತಟ್ಟಿದಳು. “ಕಡಲ ದಂಡಿಗೆ ಇಂಥದೇ ಬಂಡಿ ಕೊರದು, ನೆಲದ ಹೊಟ್ಟ್ಯಾಗ ಗವಿ ಮಾಡ್ಯಾರ. ಊರಿಗೆ ಊರೇ ಹಿಡಿಸೋ ಅಂಥ ಗವಿ. ಕಷ್ಟದ ದಿನಕ್ಕಂತ ಅದರಾಗ ತುಂಬಿಡ್ತಾರ. ಒಳಗ ಉಕ್ಕಿನ ಗ್ವಾಡಿ ಇಲ್ಲ. ಸುತ್ತಲಿನ ಬಂಡಿ ಬಿರುಕಿನ್ಯಾಗ ನೀರು ಒತ್ತಿ ನಿಲ್ಲಿಸಿರ್ತಾರ. ಗ್ಯಾಸ್ ಹೊರಗ ಬರಾಕ ನೋಡ್ತದ, ನೀರು ಬಿಡಂಗಿಲ್ಲ. ಹಗಲೂ ರಾತ್ರಿ ಹಿಡದು ನಿಂತಿರ್ತದ. ಮೊದಲ ಸಲ ಅದರಾಗ ಇಳದಾಗ ನನಗ ಅಳು ಬಂತು. ಯಾಕಂತ ಇವತ್ತಿಗೂ ಗೊತ್ತಿಲ್ಲ.”

ಉಮಾದೇವಿಗೆ ತನ್ನ ಊರು ನೆನಪಾಯಿತು. ಗುಂಜಹಳ್ಳಿಯ ಮನೆಯಲ್ಲಿ ಅವಳ ತಾಯಿ ಬೂದೆಮ್ಮ ಹಸಿ ಜಾಲಿ ಕಟ್ಟಿಗೆ ಊದಿ ಊದಿ, ಕೆಂಪು ಕಣ್ಣಲ್ಲೇ ಮಕ್ಕಳಿಗೆ ರೊಟ್ಟಿ ಹಾಕುತ್ತಿದ್ದಳು. ಮನೆಗೆ ಗ್ಯಾಸ್ ಬಂದ ದಿನ ಒಲೆ ಹಚ್ಚಲು ಹೆದರಿ, ಕೊನೆಗೆ ಹಚ್ಚಿ, ಆ ನೀಲಿ ಉರಿಯ ಮುಂದೆ ಬಹಳ ಹೊತ್ತು ಕೂತಿದ್ದಳು. ಬೇಯಿಸಲು ಏನೂ ಇಟ್ಟಿರಲಿಲ್ಲ. ಸುಮ್ಮನೆ ನೋಡುತ್ತಾ ಕೂತಿದ್ದಳು.

ಆ ಉರಿ ಎಲ್ಲಿಂದ ಬರುತ್ತದೆ ಎಂದು ಉಮಾದೇವಿ ಒಂದು ದಿನವೂ ಯೋಚಿಸಿರಲಿಲ್ಲ.

“ಅಷ್ಟು ದೂರದಿಂದ ಅಷ್ಟು ಮಂದಿ ಕೈ ಹಿಡದು ತಂದದ್ದನ್ನ,” ಎಂದಳು ಅನ್ವರಿ, “ನಮ್ಮ ಊರ ಅಗಸಿ ಬಾಗಲದಾಗ ಬಂದು ಯಾವನೋ ನೀರು ಕೂಡಿಸಿದ್ರ ನಾ ಸುಮ್ನ ಇರಬೇಕೇನ್ರೀ?”

ಉಮಾದೇವಿ ಎದ್ದು ಪ್ಯಾಂಟಿನ ಧೂಳು ಜಾಡಿಸಿದಳು.

“ಹನುಮಂತರಾಯ ಎಲ್ಲಿದ್ದಾನ?”

“ನಮ್ಮ ಮನ್ಯಾಗ. ನಮ್ಮ ಅಬ್ಬಾ ಎಲುಬು ಕೂಡಿಸ್ತಾರ. ದಿನಾ ಕೈಕಾಲು ಮುರದ ಮಂದಿ ಬರ್ತಿರ್ತಾರ, ಒಬ್ಬ ಹೆಚ್ಚಾದ್ರ ಯಾರೂ ಕೇಳಂಗಿಲ್ಲ. ಇಲ್ಲಿ ನೀರು ಹಾಕಾಕ ಬರಾಕಿ ಅವನ ಹೆಂಡ್ತಿ ಸವಿತಾ.”

“ನಡೀರಿ. ಅವನ ಬಾಯಿಂದ ಕೇಳ್ತೀನಿ. ಸುಳ್ಳಂತ ಕಂಡ್ರ ಇಬ್ರಿಗೂ ಬೇಡಿ.”

“ಆತು,” ಎಂದಳು ಅನ್ವರಿ, ಅಷ್ಟೇ ಸಹಜವಾಗಿ.

ಜೀಪು ಹತ್ತುವಾಗ ಉಮಾದೇವಿ ವಹೀದ್‌ಗೆ ಹೇಳಿದಳು, “ಗಾಡಿ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ. ಬ್ಯಾಟರಿ ವೈರ್ ಹಂಗೇ ಇರ್ಲಿ.”

“ಆತ್ರೀ ಮೇಡಂ.”

ಮಾನ್ವಿಯಲ್ಲಿ ಬಜಾರಿನ ಹಿಂದಿನ ಇಕ್ಕಟ್ಟಾದ ಓಣಿ. ಒಂದು ಕಡೆ ಹೊಲಿಗೆ ಮಷಿನ್ನುಗಳ ಸಪ್ಪಳ, ಇನ್ನೊಂದು ಕಡೆ ಹಸಿ ಮೆಣಸಿನಕಾಯಿ ರಾಶಿ ಹಾಕಿ ಕೂತ ಹೆಂಗಸರು. ಎದುರುಬದರು ಮನೆಗಳ ಕಟ್ಟೆಗಳು ಒಂದಕ್ಕೊಂದು ಮುಟ್ಟುವಷ್ಟು ಹತ್ತಿರ. ಜೀಪು ಒಳಗೆ ಹೋಗಲಿಲ್ಲ, ಓಣಿಯ ಬಾಯಲ್ಲೇ ನಿಲ್ಲಿಸಿ ನಡೆದರು.

ಗುಲಾಮ್ ದಸ್ತಗೀರ್ ಪಡಸಾಲೆಯಲ್ಲಿ ಒಬ್ಬ ಹಮಾಲನ ಮಣಿಕಟ್ಟಿಗೆ ಎಣ್ಣೆ ಹಚ್ಚುತ್ತಿದ್ದರು. ಬಿಳಿ ಗಡ್ಡ, ಕುಸ್ತಿ ಆಳಿನಂಥ ತೋಳು. ಮಗಳ ಹಿಂದೆ ಖಾಕಿ ಕಂಡು ಎದ್ದುನಿಂತರು.

“ಬರ್ರಿ ಬೇಟಿ, ಒಳಗ ಬರ್ರಿ. ಕಾಲು ಮುರದವ್ರಿಗೆ ಇಲ್ಲಿ ಕಳ್ಳ, ಪೊಲೀಸ್ ಅನ್ನೋ ಭೇದ ಇಲ್ಲ.”

“ನನ್ನ ಕಾಲು ಗಟ್ಟಿ ಅದಾವ್ರಿ ಚಾಚಾ,” ಎಂದಳು ಉಮಾದೇವಿ. “ನಿಮ್ಮ ಒಳಗಿರೋ ಮನುಷ್ಯಾನ ಕಾಲು ನೋಡಬೇಕು.”

ಒಳಕೋಣೆಯಲ್ಲಿ ಹೊರಸಿನ ಮೇಲೆ ಹನುಮಂತರಾಯ ಮಲಗಿದ್ದ. ಮೊಣಕಾಲಿನಿಂದ ಪಾದದವರೆಗೆ ಬಿದಿರು ದಬ್ಬೆ, ಬಟ್ಟೆಯ ಬಿಗಿಕಟ್ಟು. ಕ್ಯಾಬಿನ್ನಿನ ಹಲಗೆ ಪಟ್ಟಿ ಹೊರಸಿನ ಕೆಳಗೆ ಬಿದ್ದಿತ್ತು. ತಲೆಯ ಹತ್ತಿರ ಸವಿತಾ ಕೂತಿದ್ದಳು. ಅವಳ ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು. ಪೊಲೀಸರನ್ನು ನೋಡಿದವಳೇ ಗಂಡನಿಗೆ ಅಡ್ಡ ನಿಂತಳು.

“ನನ್ನ ಗಂಡ ಕಳ್ಳ ಅಲ್ರೀ ಯವ್ವಾ! ಒಂದು ಹನಿ ಗ್ಯಾಸ್ ಮಾರಿಲ್ಲ!”

“ಗೊತ್ತದ ತಂಗಿ. ನೋಡಿ ಬಂದೀನಿ. ಕುಂದ್ರು.”

ಸವಿತಾ ಕೂರಲಿಲ್ಲ. ಆದರೆ ಪಕ್ಕಕ್ಕೆ ಸರಿದಳು.

ಹನುಮಂತರಾಯ ಎದ್ದು ಕೂರಲು ಹೋಗಿ ನೋವಿಗೆ ಹಲ್ಲು ಕಚ್ಚಿದ. “ಗಾಡಿ ಹೆಂಗದರೀ ಮೇಡಂ?”

ಮೊದಲ ಮಾತು ಅದು. ತನ್ನ ಮೇಲಿನ ಕೇಸಿನ ಬಗ್ಗೆ ಅವನು ಕೇಳಲೇ ಇಲ್ಲ. ಉಮಾದೇವಿಯ ಮನಸ್ಸಿನಲ್ಲಿ ಅವನ ಮೇಲಿದ್ದ ಅರ್ಧ ಸಂಶಯ ಅಲ್ಲೇ ಕರಗಿತು.

“ಗಾಡಿ ತಂಪಾಗಿ ಕುಂತದ. ಈಗ ನೀ ಹೇಳು. ಆ ದಿನ ಏನಾತು?”

“ಅಕ್ಕಾರು ಫೋನ್ ಮಾಡಿದ್ರು. ಕ್ವಾರ್‍ಯಾಗ ನಿಲ್ಲಿಸು ಅಂದ್ರು. ಹೊಳ್ಳಿಸಿ ನಿಲ್ಲಿಸಿದೆ. ಟೊಂಗಿ ಹೊದಿಸಿ ಮುಗಿಸಬೇಕು ಅನ್ನೋದ್ರಾಗ ಎರಡನೇ ಫೋನ್ ಬಂತು. ಅದನ್ನ ಎತ್ತೋ ಗಡಿಬಿಡ್ಯಾಗೇ ಜಾರಿ ಬಿದ್ದೆ.”

“ಎರಡನೇ ಫೋನ್ ಯಾರದು?”

ಹನುಮಂತರಾಯ ಅನ್ವರಿಯ ಮುಖ ನೋಡಿದ. “ಇವರದೇ. ಇಷ್ಟು ದಿನ ಕೇಳಾಕ ಧೈರ್ಯ ಆಗಲಿಲ್ಲ.”

ಎಲ್ಲರೂ ಅನ್ವರಿಯ ಕಡೆ ತಿರುಗಿದರು.

“ನಾ ಒಂದೇ ಸಲ ಮಾಡೀನಿ,” ಎಂದಳು ಅನ್ವರಿ.

“ಇಲ್ರೀ ಅಕ್ಕಾರ. ನಂಬರ್ ಬ್ಯಾರೆ ಇತ್ತು, ದನಿ ನಿಮ್ಮದೇ. ಮನಸ್ಸು ಬದಲಿ ಮಾಡೀನಿ, ಯಾಪಲದಿನ್ನಿ ಕಡಿ ಒಂದು ಗೋಡೌನ್ ಅದ, ಅಲ್ಲಿಗೆ ತಗೊಂಡು ಬಾ ಅಂದ್ರಿ.”

“ನಾ ಅಂದಿಲ್ಲ ಹನುಮಂತರಾಯ!”

“ನೀ ಯಾಕ ಹೋಗಲಿಲ್ಲ?” ಉಮಾದೇವಿ ನಡುವೆ ಬಂದಳು. “ಕಾಲಿನ ಸಲುವಾಗೇನು?”

“ಕಾಲು ಮುರದಿದ್ರೂ ಇನ್ನೊಬ್ಬ ಡ್ರೈವರ್‌ನ ಕರದು ಕಳಸ್ತಿದ್ದೆ ರೀ. ಆದ್ರ ಮಾತು ಬ್ಯಾರೆ ಇತ್ತು. ಅಕ್ಕಾರು ನನ್ನ ಜೋಡಿ ಯಾವಾಗಲೂ ನಮ್ಮ ಮಾತಿನ್ಯಾಗ ಮಾತಾಡ್ತಾರ. ಆ ಫೋನಿನ್ಯಾಗ ‘ನೀವು ದಯವಿಟ್ಟು ವಾಹನವನ್ನು ತೆಗೆದುಕೊಂಡು ಬನ್ನಿ’ ಅಂದ್ರು. ರೇಡಿಯೋದಾಗ ಹೇಳ್ತಾರಲ್ಲ, ಹಂಗ. ನನಗ ‘ನೀವು’ ಅಂದ್ರು! ಅಕ್ಕಾರು ಒಂದು ದಿನ ನನಗ ‘ನೀವು’ ಅಂದಿಲ್ಲ. ನನ್ನ ಜೀವ ಒಪ್ಪಲಿಲ್ಲ. ಫೋನ್ ಬಂದ್ ಮಾಡಿ ಆ ನೀರಿನ ತಗ್ಗಿಗೆ ಒಗದುಬಿಟ್ಟೆ. ಫೋನ್ ಹತ್ತಲಿಲ್ಲಂತ ಅಕ್ಕಾರೇ ಹುಡುಕ್ಕೊಂಡು ಬಂದು ಇಲ್ಲಿಗೆ ಕರಕೊಂಡು ಬಂದ್ರು.”

ಅನ್ವರಿ ಗೋಡೆಗೆ ಒರಗಿದಳು.

“ಡ್ರೈವರ್‌ಗಳಿಗೆ ಪಾಠ ಹೇಳೋ ಮುಂದ ನಾ ಹಂಗ ಮಾತಾಡ್ತೀನಿ,” ಎಂದಳು ಮೆಲ್ಲಗೆ. “ಬ್ಯಾರೆ ಬ್ಯಾರೆ ಜಿಲ್ಲಾದವ್ರು ಇರ್ತಾರಲ್ಲ, ಎಲ್ಲಾರಿಗೂ ತಿಳೀಲಿ ಅಂತ. ಆ ಪಾಠದ ವಿಡಿಯೋ ಕಂಪನಿಯವ್ರು ಎಲ್ಲಾ ಟ್ರಾನ್ಸ್‌ಪೋರ್ಟಿನವ್ರಿಗೂ ಕಳಿಸ್ಯಾರ. ಗಡಿಗೆಪ್ಪಗೂ.”

ಉಮಾದೇವಿಗೆ ಹೊಳೆಯಿತು: ಆ ವಿಡಿಯೋದ ದನಿಯನ್ನು ಯಾರೋ ಕಂಪ್ಯೂಟರಿಗೆ ಕಲಿಸಿದ್ದಾರೆ. ಬೇಕಾದ ಮಾತು ಬರೆದರೆ ಅನ್ವರಿಯ ಕಂಠದಲ್ಲಿ ಆಡುತ್ತದೆ. ಇಂಥ ಎರಡು ಕೇಸು ಉಮಾದೇವಿ ರಾಯಚೂರಿನಲ್ಲೇ ನೋಡಿದ್ದಳು. ಅಲ್ಲಿ ಮಗನ ದನಿಯಲ್ಲಿ ತಾಯಿಗೆ ಮೋಸವಾಗಿತ್ತು.

ಆದರೂ ಅವಳು ಪೊಲೀಸಿನವಳು. ಅನ್ವರಿಯೇ ಎರಡು ಸಲ ಮಾಡಿ, ಈಗ ಒಂದೇ ಎನ್ನುತ್ತಿರಬಹುದಲ್ಲ? ಪುಸ್ತಕದ ಭಾಷೆ ಬೇಕೆಂದೇ ಆಡಿರಬಹುದಲ್ಲ? ಅವಳು ಅನ್ವರಿಯ ಮುಖವನ್ನೇ ನೋಡುತ್ತಿದ್ದಾಗ ಜೇಬಿನಲ್ಲಿ ಫೋನ್ ಕುಣಿಯಿತು.

ಗೊತ್ತಿಲ್ಲದ ನಂಬರು. ಎತ್ತಿ, ಸ್ಪೀಕರ್ ಒತ್ತಿದಳು.

“ಮೇಡಂ, ನಾ ಅನ್ವರಿ ಮಾತಾಡಾಕತ್ತೀನ್ರಿ,” ಎಂದಿತು ಫೋನು.

ಸವಿತಾ ಬಾಯಿಗೆ ಸೆರಗು ಒತ್ತಿಕೊಂಡಳು. ದಸ್ತಗೀರ್ ಬಾಗಿಲಲ್ಲಿ ಎಣ್ಣೆ ಕೈಯಲ್ಲೇ ನಿಂತರು. ಅನ್ವರಿ ಎದುರಿ​ಗೇ ಇದ್ದಳು, ಗೋಡೆಗೆ ಒರಗಿ, ತುಟಿ ಬಿಗಿದು.

“ಹೇಳ್ರಿ ಅನ್ವರಿ,” ಎಂದಳು ಉಮಾದೇವಿ.

“ನೀವು ಹನುಮಂತರಾಯನ ಹತ್ರ ಅದೀರಿ ಅಲ್ರೀ? ಅಲ್ಲೇ ಇರ್ರಿ. ಅವನ್ನ ಕರಕೊಂಡು ಎಲ್ಲೂ ಹೋಗಬ್ಯಾಡ್ರಿ. ನಾ ಅಲ್ಲಿಗೇ ಬರಾಕತ್ತೀನಿ.”

ಕಟ್ಟಾಯಿತು.

ಈ ಸಲ ಅದು ಪುಸ್ತಕದ ಮಾತಾಗಿರಲಿಲ್ಲ. ಅಪ್ಪಟ ಮಾನ್ವಿಯ ಮಾತು, ‘ಅಲ್ರೀ’ ಎನ್ನುವಾಗ ಅನ್ವರಿ ಎಳೆಯುವ ಎಳೆತ ಕೂಡ ಹಾಗೇ ಇತ್ತು. ಈ ಮೂರು ದಿನದಲ್ಲಿ ಯಾರೋ ಅವಳ ಮನೆಮಾತನ್ನು ಹತ್ತಿರದಿಂದಲೇ ಕೇಳಿ, ಕದ್ದು, ಆ ಯಂತ್ರಕ್ಕೆ ಕಲಿಸಿದ್ದರು.

“ಯಾ ಅಲ್ಲಾ,” ಎಂದರು ದಸ್ತಗೀರ್. “ನನ್ನ ಮಗಳು ಇಲ್ಲೇ ನಿಂತಾಳ, ಅಲ್ಲಿ ಮಾತಾಡಾಕತ್ತಾಳ.”

ಉಮಾದೇವಿ ಆಗಲೇ ವಹೀದ್‌ಗೆ ಫೋನ್ ಹಚ್ಚಿದ್ದಳು. ಬಹಳ ಹೊತ್ತು ರಿಂಗ್ ಆಯಿತು. ಎತ್ತಿದಾಗ ಗಾಳಿಯ ಸಪ್ಪಳ, ಮೋಟಾರ್ ಸೈಕಲ್ಲಿನ ಸಪ್ಪಳ.

“ವಹೀದ್ ಸಾಬ್, ಯಾರೇ ಬಂದ್ರೂ ಗಾಡಿ ಮುಟ್ಟಿಸಬ್ಯಾಡ್ರಿ. ಯಾರೇ ಫೋನ್ ಮಾಡಿದ್ರೂ...”

“ಮೇಡಂ?” ವಹೀದ್ ಗೊಂದಲದಿಂದ ನಡುವೆಯೇ ಕೇಳಿದ. “ನೀವೇ ಹೇಳಿದ್ರಲ್ರೀ. ನೀವು ಹೋದ ಸ್ವಲ್ಪ ಹೊತ್ತಿಗೇ ಫೋನ್ ಮಾಡಿ, ‘ನನ್ನ ಫೋನ್ ಚಾರ್ಜ್ ಇಲ್ಲ, ಬ್ಯಾರೆಯವ್ರ ನಂಬರಿನಿಂದ ಮಾಡಾಕತ್ತೀನಿ’ ಅಂದ್ರಿ. ಗಡಿಗೆಪ್ಪನ ಡ್ರೈವರ್ ಬರ್ತಾನ, ವೈರ್ ಹಚ್ಚಿಸಿ ಗಾಡಿ ಬಿಡ್ರಿ ಅಂದ್ರಿ. ನಿಮ್ಮ ದನಿ ನನಗ ಗೊತ್ತಿಲ್ಲೇನ್ರೀ?”

ದೂರು ಕೊಡಲು ಬಂದ ದಿನ ಗಡಿಗೆಪ್ಪ ಫೋನನ್ನು ಮೇಜಿನ ಮೇಲಿಟ್ಟು ತನ್ನನ್ನು ಬಹಳ ಹೊತ್ತು ಮಾತಾಡಿಸಿದ್ದು ಉಮಾದೇವಿಗೆ ನೆನಪಾಯಿತು.

“ಗಾಡಿ ಯಾವ ಕಡಿ ಹೋತು?”

“ಮಾನ್ವಿಗೇ ರೀ. ನೀವಿರೋ ಓಣಿಗೇ ಕಳಿಸಾಕ ಹೇಳಿದ್ರಲ್ರೀ. ನಾ ಬೀರೇಶನ ಬೈಕ್ ಮ್ಯಾಲ ಹಿಂದೇ ಬರಾಕತ್ತೀನಿ. ಆದ್ರ ಮೇಡಂ, ಡ್ರೈವರ್ ಭಾಳ ಜೋರು ಹೊಡ್ಯಾಕತ್ತಾನ. ಅಡ್ಡ ಹೋಗಿ ಕೈ ಮಾಡಿದೆ, ನಿಲ್ಲಿಸಲಿಲ್ಲ. ಈಗ ಗಾಡಿ ನಮಗ ಕಾಣವಲ್ದು.”

ಅವಳು ಫೋನ್ ಇಳಿಸುವ ಮೊದಲೇ ಕೇಳಿಸಿತು. ಬಜಾರಿನ ಆ ತುದಿಯಿಂದ, ಬಿಡದೆ ಒತ್ತಿ ಹಿಡಿದ ದೊಡ್ಡ ಗಾಡಿಯ ಹಾರ್ನು. ಹೊಲಿಗೆ ಮಷಿನ್ನುಗಳು ಒಂದೊಂದಾಗಿ ನಿಂತವು. ‘ಅಲ್ಲೇ ಇರ್ರಿ’ ಎಂದದ್ದು ಯಾಕೆಂದು ಉಮಾದೇವಿಗೆ ಈಗ ತಿಳಿಯಿತು: ಗಾಡಿಯೂ ಸಾಕ್ಷಿ ಹೇಳುವವರೂ ಒಂದೇ ಕಡೆ ಸುಟ್ಟುಹೋಗಬೇಕಿತ್ತು.

ಹನುಮಂತರಾಯ ಹೊರಸಿನ ಅಂಚು ಹಿಡಿದ. “ಅದು ನನ್ನ ಗಾಡಿ ಹಾರ್ನ್ ರೀ.”

ಅನ್ವರಿ ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಒಲೆ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಕಿತ್ತು, ಬರಿಗಾಲಲ್ಲೇ ಹೊರಗೆ ಓಡಿದ್ದಳು. ಹೆಂಗಸರು, ಮುದುಕರು ಬಾಗಿಲಿಗೆ ಬಂದು ನಿಂತಿದ್ದ ಆ ಇಕ್ಕಟ್ಟಾದ ಓಣಿಯಲ್ಲಿ ಅವಳ ದನಿ ಗೋಡೆಯಿಂದ ಗೋಡೆಗೆ ಬಡಿಯುತ್ತಿತ್ತು. ಯಾವ ಯಂತ್ರಕ್ಕೂ ಇನ್ನೂ ಕಲಿಸಲಾಗದಂಥ ದನಿ ಅದು.

“ಒಲಿ ಆರಿಸ್ರಿ! ಎಲ್ಲಾರೂ ಒಲಿ ಆರಿಸ್ರೀ!”

ಓಣಿಯ ಬಾಯಲ್ಲಿ ನಿಂತಿದ್ದ ಜೀಪಿಗೆ ಏನೋ ಭಾರವಾದದ್ದು ಬಡಿದ ಸಪ್ಪಳವಾಯಿತು.